ಎರಡು ಕೆರೆ, ನಡುವೆ ಒಂದು ಹೊಳೆ: ಫಿನ್ಲೆಂಡಿನ ತಂಪೆರೆಯಲ್ಲಿ ಓಡುವ ದಾರಿಗಳು

ತಂಪೆರೆ ಎಂಬ ಹೆಸರು ಕನ್ನಡದ ಕಿವಿಗೆ ತಂಪು ಎರೆದಂತೆಯೇ ಕೇಳಿಸುತ್ತದೆ. ಫಿನ್ನರು ಉಚ್ಚರಿಸುವುದೂ ಹೆಚ್ಚುಕಡಿಮೆ ಹಾಗೆಯೇ. ಉತ್ತರಕ್ಕೆ ನ್ಯಾಸಿಯಾರ್ವಿ, ದಕ್ಷಿಣಕ್ಕೆ ಪ್ಯುಹಾಯಾರ್ವಿ, ಈ ಎರಡು ದೊಡ್ಡ ಸರೋವರಗಳ ನಡುವಿನ ಕಿರಿದಾದ ನೆಲದ ಪಟ್ಟಿಯ ಮೇಲೆ ಊರು ಕೂತಿದೆ. ‘ಯಾರ್ವಿ’ ಎಂದರೆ ಸರೋವರ, ‘ಪ್ಯುಹಾ’ ಎಂದರೆ ಪವಿತ್ರ. ಮೇಲಿನ ಸರೋವರ ಸಮುದ್ರಮಟ್ಟದಿಂದ ಸುಮಾರು 95 ಮೀಟರ್ ಎತ್ತರದಲ್ಲಿದೆ, ಕೆಳಗಿನದು ಸುಮಾರು 77 ಮೀಟರ್. ನಡುವಿನ 18 ಮೀಟರ್ ಇಳಿತವನ್ನು ತಮ್ಮೆರ್‌ಕೊಸ್ಕಿ ಎಂಬ ರಭಸದ ಹೊಳೆ ಎರಡು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಧುಮುಕಿ ಮುಗಿಸುತ್ತದೆ. ಊರು ಹುಟ್ಟಿದ್ದು, ಗಿರಣಿಗಳು ಬಂದದ್ದು ಎಲ್ಲ ಈ ನೀರಿನ ಬಲದಿಂದಲೇ. 1865ರಲ್ಲಿ ಫ್ರೆಡ್ರಿಕ್ ಇದೆಸ್ತಾಮ್ ಎಂಬಾತ ಮರದ ತಿರುಳು ಅರೆಯುವ ಗಿರಣಿ ಹಾಕಿದ್ದು ಇದೇ ಹೊಳೆಯ ದಂಡೆಯಲ್ಲಿ. ಅದೇ ಮುಂದೆ ನೋಕಿಯಾ ಆಯಿತು. ಆ ಕಂಪನಿಯ ಹೆಸರನ್ನೋ, ಅಂಥದೇ ಇನ್ನೊಂದು ಹೆಸರನ್ನೋ ಹಿಡಿದು ಬೆಂಗಳೂರಿನಿಂದ ಇಲ್ಲಿಗೆ ಬಂದಿಳಿದವರಿಗೆ ಓಡಲು ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ.

ಆದರೆ ಇಲ್ಲಿ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ದಾರಿ ಆರಿಸುವುದಕ್ಕಿಂತ, ಕಾಲ ಕೆಳಗಿನ ನೆಲ ಇವತ್ತು ಹೇಗಿದೆ ಎಂದು ನೋಡಿ ಆರಿಸುವುದು ಮೇಲು. ಒಂದೇ ದಾರಿ ಜುಲೈನಲ್ಲಿ ಮಕ್ಕಳ ಆಟ, ನವೆಂಬರಿನಲ್ಲಿ ಕತ್ತಲ ಗುಹೆ, ಮಾರ್ಚ್‌ನಲ್ಲಿ ಗಾಜಿನ ಹಾಳೆ. ಅದಕ್ಕೇ ಪ್ರತಿ ದಾರಿಯ ಜೊತೆ ಅದು ಯಾವಾಗ ಕೈಕೊಡುತ್ತದೆ ಎಂಬುದನ್ನೂ ಹೇಳಿದ್ದೇವೆ.

ಊರಿನ ಬೆನ್ನೆಲುಬು

ನಕಾಶೆ ತೆರೆಯುವ ಮೊದಲು ಒಂದು ಸಂಗತಿ ತಿಳಿದಿರಲಿ. ನೆಲದ ಪಟ್ಟಿಯ ಪಶ್ಚಿಮ ಭಾಗದಲ್ಲಿ ಪ್ಯೂನಿಕ್ಕಿ ಮತ್ತು ಪಿಸ್ಪಲ ಎಂಬ ಉದ್ದನೆಯ ದಿಣ್ಣೆ ಹಬ್ಬಿದೆ. ಹಿಮಯುಗದ ಕೊನೆಯಲ್ಲಿ ಕರಗಿದ ಹಿಮದ ನೀರು ಹೊತ್ತು ತಂದು ಸುರಿದ ಮರಳು, ಗರಸಿನ ರಾಶಿ ಇದು. ಇದರ ನೆತ್ತಿ ಪ್ಯುಹಾಯಾರ್ವಿಯ ನೀರಿನ ಮಟ್ಟದಿಂದ ಸುಮಾರು 80 ಮೀಟರ್ ಮೇಲಿದೆ. ಓಡುವವರಿಗೆ ಇದರಿಂದ ಮೂರು ಪರಿಣಾಮ. ಮರಳು ನೆಲವಾದ್ದರಿಂದ ಮಳೆ ನಿಂತ ಸ್ವಲ್ಪ ಹೊತ್ತಿಗೆ ದಾರಿ ಒಣಗುತ್ತದೆ, ಕೆಸರು ಕಡಿಮೆ. ದಂಡೆಯ ದಾರಿ ಸಪಾಟು, ಅದನ್ನು ಬಿಟ್ಟು ಒಳಗೆ ತಿರುಗಿದರೆ ಏರು ಕಡಿದಾಗಿ ಎದುರಾಗುತ್ತದೆ. ಇನ್ನು ದಕ್ಷಿಣದ ಮಗ್ಗುಲಿಗೆ ಬಿಸಿಲು ನೇರವಾಗಿ ಬೀಳುತ್ತದೆ, ಉತ್ತರದ ಮಗ್ಗುಲು ನೆರಳಲ್ಲೇ ಇರುತ್ತದೆ. ಏಪ್ರಿಲಿನಲ್ಲಿ ಪ್ಯುಹಾಯಾರ್ವಿಯ ಕಡೆ ಒಣ ನೆಲದಲ್ಲಿ ಓಡಿಕೊಂಡು ಬಂದವರು ದಿಣ್ಣೆ ದಾಟಿ ನ್ಯಾಸಿಯಾರ್ವಿಯ ಕಡೆ ಇಳಿದೊಡನೆ ಮಂಜುಗಡ್ಡೆಯ ಮೇಲೆ ಜಾರುವುದು ಇದೇ ಕಾರಣಕ್ಕೆ.

ಇಲ್ಲಿನವರ ಮಾತಲ್ಲಿ ಓಟಕ್ಕೆ ಹೋಗುವುದೆಂದರೆ ‘ಲೆಂಕ್ಕಿ’ಗೆ ಹೋಗುವುದು. ಲೆಂಕ್ಕಿ ಎಂದರೆ ಸುತ್ತು. ಓಟದ ಶೂ ‘ಲೆಂಕ್ಕರಿತ್’. ನಿಧಾನದ ಜಾಗಿಂಗಿಗೆ ‘ಹೊಲ್ಕ್ಯಾ’ ಎಂಬ ಬೇರೆಯೇ ಪದವಿದೆ. ಬಳೆಯಂತೆ ಸುತ್ತಿದ ಸಾಸೇಜಿಗೂ ಲೆಂಕ್ಕಿ ಎನ್ನುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಗೊಂದಲವಾದರೆ ತಪ್ಪು ನಿಮ್ಮದಲ್ಲ.

ಮೊದಲ ದಾರಿ: ಹೊಳೆಯ ಎರಡೂ ದಂಡೆ, ಸುಮಾರು 3 ಕಿ.ಮೀ.

ಊರಿಗೆ ಹೊಸಬರಾದವರು ಇದರಿಂದಲೇ ಶುರುಮಾಡಿ. ರೈಲು ನಿಲ್ದಾಣದಿಂದ ಹೊಳೆಗೆ ಹತ್ತು ನಿಮಿಷದ ನಡಿಗೆ.

1. ಹೊಳೆ ಪ್ಯುಹಾಯಾರ್ವಿಗೆ ಸೇರುವಲ್ಲಿ, ಪಶ್ಚಿಮ ದಂಡೆಯ ಮೇಲೆ ಲೌಕೊಂತೋರಿ ಎಂಬ ಸಂತೆಯ ಚೌಕವಿದೆ. ಅಲ್ಲಿಂದ ಹೊರಡಿ. ಕಲ್ಲುಹಾಸಿನ ಮೇಲೆ ಓಡಬೇಡಿ. ಮೊದಲ ಐದು ನಿಮಿಷ ಚುರುಕಾಗಿ ನಡೆದು ಕಾಲು ಬಿಸಿಯಾಗಲು ಬಿಡಿ.

2. ನೀರನ್ನು ಬಲಕ್ಕಿಟ್ಟುಕೊಂಡು ಉತ್ತರಕ್ಕೆ ಹೊರಡಿ. ಎಲ್ಲ ಕಡೆಯೂ ನೀರಿನ ಅಂಚಿನಲ್ಲೇ ದಾರಿಯಿಲ್ಲ. ಹಳೆಯ ಗಿರಣಿಯ ಗೋಡೆಗಳು ನೇರ ಹೊಳೆಗೇ ಇಳಿದಿರುವಲ್ಲಿ ಒಂದು ಕಟ್ಟಡದಷ್ಟು ಸುತ್ತಿ ಮತ್ತೆ ದಂಡೆಗೆ ಬರಬೇಕು.

3. ಮುಖ್ಯ ಬೀದಿ ಹ್ಯಾಮೇನ್‌ಕತು ಹೊಳೆ ದಾಟುವಲ್ಲಿ ಹ್ಯಾಮೇನ್‌ಸಿಲ್ತ ಸೇತುವೆ ಇದೆ. ‘ಸಿಲ್ತ’ ಎಂದರೆ ಸೇತುವೆ. 1929ರದು, ಅದರ ಮೇಲಿನ ನಾಲ್ಕು ಕಂಚಿನ ಪ್ರತಿಮೆಗಳು ಶಿಲ್ಪಿ ವ್ಯಾಯ್ನೊ ಆಲ್ತೊನೆನ್ ಅವರವು. ಪ್ರತಿಮೆ ನೋಡುವ ಆಸೆಯಿದ್ದರೆ ನಿಂತು ನೋಡಿ, ಏಕೆಂದರೆ ಇಲ್ಲಿ ಟ್ರಾಮ್ ಓಡುತ್ತದೆ. ಟ್ರಾಮ್ ಸದ್ದಿಲ್ಲದೆ ಬರುತ್ತದೆ, ಒದ್ದೆಯಾದ ಹಳಿ ಎಣ್ಣೆ ಸವರಿದಂತೆ ಜಾರುತ್ತದೆ. ಸಿಗ್ನಲ್ ಇರುವಲ್ಲೇ ದಾಟಿ, ಹಳಿಯನ್ನು ಓರೆಯಾಗಿ ತುಳಿಯದೆ ನೇರ ಅಡ್ಡವಾಗಿ ಹೆಜ್ಜೆಯಿಡಿ.

4. ಮುಂದೆ ಸತಕುನ್ನನ್‌ಸಿಲ್ತ ಸೇತುವೆಯ ಬೀದಿ ದಾಟಿದರೆ ಕೆಂಪು ಇಟ್ಟಿಗೆಯ ಫಿನ್ಲೇಸನ್ ಗಿರಣಿಯ ಆವರಣ. ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ 1820ರಲ್ಲಿ ಶುರುಮಾಡಿದ ಕಾರ್ಖಾನೆ ಇದು. ನಾರ್ಡಿಕ್ ನಾಡುಗಳಲ್ಲಿ ಮೊದಲ ವಿದ್ಯುದ್ದೀಪ ಹೊತ್ತಿದ್ದು ಇಲ್ಲಿಯೇ, 1882ರಲ್ಲಿ.

5. ಮೇಲಿನ ಅಣೆಕಟ್ಟಿನ ಬಳಿ ಪತೊಸಿಲ್ತ ಎಂಬ ಕಾಲ್ಸೇತುವೆಯಿಂದ ಪೂರ್ವ ದಂಡೆಯ ತಂಪೆಲ್ಲಕ್ಕೆ ದಾಟಿ. ನೀರು ಬೀಳುವ ಸದ್ದು ಅತಿ ಜೋರಾಗಿ ಕೇಳುವುದು ಇಲ್ಲೇ. ಇನ್ನೂ ಓಡುವ ಹುಮ್ಮಸ್ಸಿದ್ದರೆ ಉತ್ತರಕ್ಕೆ ಮುಂದುವರಿದು ನ್ಯಾಸಿಯಾರ್ವಿಯನ್ನು ಕಂಡು ತಿರುಗಿ ಬನ್ನಿ, ಒಟ್ಟು ಲೆಕ್ಕಕ್ಕೆ ಹೆಚ್ಚೆಂದರೆ ಒಂದು ಕಿಲೋಮೀಟರ್ ಸೇರುತ್ತದೆ.

6. ಪೂರ್ವ ದಂಡೆಯಲ್ಲಿ ದಕ್ಷಿಣಕ್ಕೆ ಬನ್ನಿ. ನೀರು ಮತ್ತೆ ನಿಮ್ಮ ಬಲಕ್ಕೇ ಇರುತ್ತದೆ. ಕೊಸ್ಕಿಪುಯಿಸ್ತೊ ಉದ್ಯಾನ ದಾಟಿ, ರತಿನ ಕ್ರೀಡಾಂಗಣದ ಕಡೆ ಇಳಿದು, ಲೌಕೊನ್‌ಸಿಲ್ತ ಎಂಬ ಕಾಲ್ಸೇತುವೆಯಿಂದ ಹೊರಟ ಜಾಗಕ್ಕೇ ವಾಪಸ್.

ಈ ಸುತ್ತು ಕೈಕೊಡುವುದು ಕಡುಚಳಿಯಲ್ಲಿ. ಹೊಳೆ ರಭಸದಿಂದ ಹರಿಯುವುದರಿಂದ ಹೆಪ್ಪುಗಟ್ಟುವುದಿಲ್ಲ. ಗಾಳಿಗಿಂತ ನೀರೇ ಬೆಚ್ಚಗಿದ್ದಾಗ ಅದರಿಂದ ಹಬೆ ಏಳುತ್ತದೆ, ನೋಡಲು ಬಲು ಸೊಗಸು. ಆ ಹಬೆಯೇ ಕಂಬಿ, ಹಲಗೆ, ಮೆಟ್ಟಿಲುಗಳ ಮೇಲೆ ತೆಳ್ಳಗೆ ಕೂತು ಗಡ್ಡೆಯಾಗುತ್ತದೆ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಬಡಿಯುವುದರಿಂದ ಪಕ್ಕದ ರಸ್ತೆ ಒಣಗಿದ್ದಾಗಲೂ ಸೇತುವೆ ಜಾರುತ್ತಿರುತ್ತದೆ. ಕಾಲ್ಸೇತುವೆಗಳ ಮೇಲೆ ನಡೆಯಿರಿ, ಓಟ ಬೇಡ.

ಎರಡನೆಯ ದಾರಿ: ಪ್ಯೂನಿಕ್ಕಿಯ ದಂಡೆ ಮತ್ತು ನೆತ್ತಿ, 6ರಿಂದ 7 ಕಿ.ಮೀ.

ಒಂದೇ ಓಟಕ್ಕೆ ಸಮಯವಿರುವವರಿಗೆ ನಾವು ಹೇಳುವುದು ಇದನ್ನು. ಲೌಕೊಂತೋರಿಯಿಂದಲೇ ಹೊರಟು ಪಶ್ಚಿಮಕ್ಕೆ, ಸರೋವರ ಎಡಕ್ಕಿರುವಂತೆ ಓಡಿ. ಎತೆಲಾಪುಯಿಸ್ತೊ ಅಂದರೆ ತೆಂಕಣ ಉದ್ಯಾನ ದಾಟಿದ ಮೇಲೆ ವಾಹನಗಳ ಸದ್ದು ಕಡಿಮೆಯಾಗುತ್ತಾ ಬಂದು, ಬಲಕ್ಕೆ ಪೈನ್ ಮರಗಳ ಕಾಡು ಕಡಿದಾಗಿ ಏಳುತ್ತದೆ. ದಾರಿ ಸಪಾಟು. ಇಲ್ಲಿಯೇ ಆರಂಭಶೂರತ್ವ ಕಾಲಿಗೆ ಹತ್ತಿಕೊಳ್ಳುವುದು. ನುಣುಪು ದಾರಿ, ತಂಪು ಗಾಳಿ, ಪಕ್ಕದಲ್ಲಿ ನೀರು: ಬೆಂಗಳೂರಿನ ಲೆಕ್ಕದಲ್ಲಿ ಇದು ಓಟವೇ ಅಲ್ಲ ಅನಿಸಿ ವೇಗ ತಾನಾಗಿ ಏರುತ್ತದೆ. ಮುಂದೆ ಏರು ಕಾದಿದೆ ಎಂಬುದು ನೆನಪಿರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ ಸಾಕು.

ದಾರಿಯಲ್ಲಿ ಮೊದಲು ಸಿಗುವುದು ಬೇಸಿಗೆಯ ಬಯಲು ರಂಗಮಂದಿರ. ಅದರ ಪ್ರೇಕ್ಷಕರ ಆಸನಗಳ ಅಂಗಳವೇ ತಿರುಗುತ್ತದೆ, ರಂಗ ಸುತ್ತಲೂ ಹರಡಿಕೊಂಡಿರುತ್ತದೆ. 1959ರಿಂದ ಹೀಗೇ ನಡೆದಿದೆ. ನಾಟಕವಿರುವ ಸಂಜೆ ಆ ಜಾಗ ಕಿಕ್ಕಿರಿದಿರುತ್ತದೆ, ಬೆಳಿಗ್ಗೆ ಬನ್ನಿ. ಆಮೇಲೆ ಪ್ಯೂನಿಕ್ಕಿಯ ಈಜುದಂಡೆ, ಆಮೇಲೆ ವರಲ. ಹೆಂಗಸರ ವ್ಯಾಯಾಮ ಶಿಕ್ಷಣಕ್ಕೆಂದು 1909ರಲ್ಲಿ ಹುಟ್ಟಿದ ಕ್ರೀಡಾಶಾಲೆ ಅಲ್ಲಿದೆ. ದಂಡೆಯ ದಾರಿಯನ್ನೇ ಹಿಡಿದರೆ ತಹ್ಮೆಲದವರೆಗೆ ಹೋಗಬಹುದು. ಲೌಕೊಂತೋರಿಯಿಂದ ಅಲ್ಲಿಗೆ ಮೂರು ಕಿಲೋಮೀಟರಿಗೆ ತುಸು ಹೆಚ್ಚು. ಏರು ಬೇಡ ಎನ್ನುವವರು ಅಲ್ಲಿಂದ ಬಂದ ದಾರಿಯಲ್ಲೇ ಹಿಂದಿರುಗಲಿ.

ಏರುವವರು ಈಜುದಂಡೆಯ ಬಳಿಯಿಂದ ಕಾಡಿನ ಕಾಲ್ದಾರಿ ಹಿಡಿದು ದಿಣ್ಣೆಯ ನೆತ್ತಿಗೆ ಹೋಗಬೇಕು. ಕಾಲ್ದಾರಿಗಳು ಹತ್ತಾರು ಕವಲಾಗುತ್ತವೆ. ತಪ್ಪಿದರೂ ಗಾಬರಿ ಬೇಡ, ಇಳಿಜಾರು ಯಾವ ಕಡೆಗಿದೆಯೋ ಅತ್ತ ಒಂದು ಸರೋವರವಾಗಲಿ ಬೀದಿಯಾಗಲಿ ಸಿಕ್ಕೇ ಸಿಗುತ್ತದೆ. ಏರುವ ಕ್ರಮ ಹೀಗಿರಲಿ:

– ಓಡಿ ಏರುವ ಹಟ ಬೇಡ. ಹೆಜ್ಜೆ ಗಿಡ್ಡ ಮಾಡಿ, ಮೈ ಸೊಂಟದಿಂದಲ್ಲ, ಹಿಮ್ಮಡಿಯಿಂದ ಮುಂದಕ್ಕೆ ಬಾಗಲಿ. ಉಸಿರು ಬಾಯಿಗೆ ಬಂದರೆ ಚುರುಕಾಗಿ ನಡೆಯಿರಿ.
– ಪೈನಿನ ಬೇರುಗಳು ದಾರಿಗೆ ಅಡ್ಡ ಹಾದಿರುತ್ತವೆ. ಒದ್ದೆಯಾದ ಬೇರಿನ ಮೇಲೆ ಕಾಲಿಡದೆ ದಾಟಿ. ಕಣಕಾಲು ಉಳುಕುವುದು ಹೆಚ್ಚಾಗಿ ಇಲ್ಲಿಯೇ.
– ಇಳಿಯುವಾಗ ಮೆಟ್ಟಿಲಿದ್ದರೆ ನಡೆದೇ ಇಳಿಯಿರಿ. ಮರುದಿನ ತೊಡೆ ನೋಯುವುದು ಏರಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ನೋವಿನ ಮೂಲ ಅದು.

ನೆತ್ತಿಯಲ್ಲಿ 1929ರಲ್ಲಿ ಕಟ್ಟಿದ 26 ಮೀಟರ್ ಎತ್ತರದ ಗೋಪುರವಿದೆ. ಮೇಲಿಂದ ಎರಡೂ ಸರೋವರ ಒಟ್ಟಿಗೆ ಕಾಣುತ್ತವೆ. ಕೆಳಗಿನ ಕಾಫಿ ಅಂಗಡಿಯ ‘ಮುಂಕ್ಕಿ’ ಅಂದರೆ ಡೋನಟ್ ಊರಿಗೇ ಹೆಸರುವಾಸಿ. ಫಿನ್ನರು ಸಿಹಿ ಹಿಟ್ಟಿಗೆ ಸಾಮಾನ್ಯವಾಗಿ ಏಲಕ್ಕಿ ಹಾಕುತ್ತಾರೆ, ಕಜ್ಜಾಯ ತಿಂದು ಬೆಳೆದವರಿಗೆ ಆ ವಾಸನೆ ಹೊಸದಲ್ಲ. ತಿಂದ ಕೂಡಲೇ ಓಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗೋಪುರವನ್ನು ಸುತ್ತಿನ ಕೊನೆಗೆ ಇಟ್ಟುಕೊಳ್ಳಿ, ಅಲ್ಲಿಂದ ಪೇಟೆಗೆ ನಡೆದೇ ಇಳಿಯಬಹುದು.

ಈ ದಿಣ್ಣೆಯ ಬೀದಿಗಳಲ್ಲಿ ಒಂದು ಕಾಲಕ್ಕೆ ಮೋಟಾರು ಪಂದ್ಯಗಳು ನಡೆಯುತ್ತಿದ್ದವು. 1962 ಮತ್ತು 1963ರ ಫಿನ್ಲೆಂಡಿನ ಮೋಟಾರ್‌ಸೈಕಲ್ ಗ್ರ್ಯಾನ್ ಪ್ರೀ ನಡೆದದ್ದು ಈ ಊರಿನಲ್ಲಿಯೇ. ಈಗ ಅಲ್ಲಿ ನಾಯಿ ಅಡ್ಡಾಡಿಸುವ ಅಜ್ಜಿಯರ ರಾಜ್ಯ.

ಮೂರನೆಯ ದಾರಿ: ಎರಡೂ ಸರೋವರ ಸೇರಿಸಿದ ದೊಡ್ಡ ಸುತ್ತು, 8ರಿಂದ 9 ಕಿ.ಮೀ.

ಮೊದಲ ಎರಡು ದಾರಿಗಳ ಪರಿಚಯವಾದ ಮೇಲೆ ಇದಕ್ಕೆ ಇಳಿಯಿರಿ. ಲೌಕೊಂತೋರಿಯಿಂದ ಹೊಳೆಯ ಪಶ್ಚಿಮ ದಂಡೆ ಹಿಡಿದು ಉತ್ತರಕ್ಕೆ ಹೋಗಿ, ಮುಸ್ತಲಹ್ತಿ ದೋಣಿನೆಲೆಯ ಬಳಿ ನ್ಯಾಸಿಯಾರ್ವಿಯನ್ನು ಸೇರಿ. ಮನರಂಜನಾ ಉದ್ಯಾನದ ಮೇಲೆ ತಲೆಯೆತ್ತಿ ನಿಂತ ನ್ಯಾಸಿನ್ನೆವುಲ ಗೋಪುರ ದಾರಿ ತೋರಿಸುತ್ತದೆ. 1971ರದು, 168 ಮೀಟರ್ ಎತ್ತರ. ಅಲ್ಲಿಂದ ಪಶ್ಚಿಮಕ್ಕೆ, ಸರೋವರ ಬಲಕ್ಕಿರುವಂತೆ ಓಂಕಿನಿಯೆಮಿ, ಸಂತಲಹ್ತಿ ಕಡೆ ಸಾಗಿ. ಹೆದ್ದಾರಿಯ ಒಂದು ಭಾಗ 2016ರಲ್ಲಿ ನೆಲದಡಿಯ ಸುರಂಗಕ್ಕೆ ಇಳಿದ ಮೇಲೆ ಹೊಳೆಯ ತಲೆಯ ಬಳಿಯ ದಂಡೆ ಸದ್ದಡಗಿ ಓಡುವವರಿಗೆ ಒದಗಿತು. ಸಂತಲಹ್ತಿಯ ಬಳಿ ಮಾತ್ರ ವಾಹನಗಳ ಸದ್ದು ಈಗಲೂ ಜೊತೆಗಿರುತ್ತದೆ.

ಸಂತಲಹ್ತಿಯಿಂದ ಎಡಕ್ಕೆ ತಿರುಗಿ ಪಿಸ್ಪಲದ ದಿಣ್ಣೆ ಏರಬೇಕು. ನಡುವೆ ರೈಲು ಹಳಿಯಿದೆ. ಅದನ್ನು ದಾಟಲು ಕೆಳದಾರಿ ಹುಡುಕಿ, ಬೇಲಿ ಹಾರುವ ಯೋಚನೆ ಬೇಡ. ಪಿಸ್ಪಲ ಹಿಂದೆ ಗಿರಣಿ ಕೂಲಿಗಾರರು ತಮಗೆ ತೋಚಿದಂತೆ ಕಟ್ಟಿಕೊಂಡ ಮರದ ಮನೆಗಳ ಕೇರಿ. ಓಣಿಗಳು ಕಿರಿದು, ಏರು ವಿಪರೀತ, ಮೆಟ್ಟಿಲ ಸಾಲುಗಳು ಉದ್ದ. ನೆತ್ತಿಯಲ್ಲಿ ಹಿಂದೆ ಬಂದೂಕಿನ ಗುಂಡು ಎರೆಯುತ್ತಿದ್ದ ಗೋಪುರ ನಿಂತಿದೆ. ಅದನ್ನು ಗುರುತು ಮಾಡಿಕೊಂಡು ಮೆಟ್ಟಿಲಿಳಿದು ತಹ್ಮೆಲಕ್ಕೆ ಬನ್ನಿ. ಅಲ್ಲಿಂದ ಎರಡನೆಯ ದಾರಿಯ ದಂಡೆ, ಈ ಸಲ ಪೂರ್ವಕ್ಕೆ, ಸರೋವರ ಮತ್ತೆ ಬಲಕ್ಕೆ.

ಈ ದಿಕ್ಕಿನಲ್ಲೇ ಓಡಿ ಎನ್ನಲು ಕಾರಣವಿದೆ. ಈ ನಾಡಿನಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಹೋಗುವಾಗ ದಿಣ್ಣೆ ಅದನ್ನು ತಡೆಯುತ್ತದೆ, ದಣಿದು ಬರುವಾಗ ಅದು ಬೆನ್ನ ಹಿಂದಿನಿಂದ ದೂಡುತ್ತದೆ. ತಿರುವುಮುರುವಾಗಿ ಓಡಿದರೆ ಬೆವರಿದ ಎದೆಗೆ ಸರೋವರದ ಗಾಳಿ ನೇರ ಹೊಡೆಯುತ್ತದೆ, ಅಕ್ಟೋಬರಿನಲ್ಲಿ ಅದು ತಮಾಷೆಯ ಮಾತಲ್ಲ.

ಮೆಟ್ಟಿಲು ಮತ್ತು ಅಡ್ಡದಾರಿಗಳ ಬಾಯಲ್ಲಿ ‘ಎಯ್ ತಲ್ವಿಕುನ್ನೊಸ್ಸಪಿತೊಅ’ ಎಂಬ ಫಲಕ ಕಂಡರೆ ಚಳಿಗಾಲದಲ್ಲಿ ಅತ್ತ ಹೋಗಬೇಡಿ. ಅಲ್ಲಿ ಚಳಿಗಾಲದ ನಿರ್ವಹಣೆ ಇಲ್ಲ ಎಂದು ಅರ್ಥ. ಹಿಮ ತೆಗೆಯುವವರಿಲ್ಲ, ಗರಸು ಚೆಲ್ಲುವವರಿಲ್ಲ, ಬಿದ್ದರೆ ಹೊಣೆ ನಿಮ್ಮದೇ.

ನಾಲ್ಕನೆಯದು ಹಗುರ, ಐದನೆಯದು ಕಾಡು

ಮಕ್ಕಳ ಗಾಡಿ ತಳ್ಳಿಕೊಂಡು ಓಡುವವರಿಗೆ, ಮಂಡಿನೋವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಹತಂಪ್ಯಾ ದಾರಿ ಸರಿ. ರತಿನದಿಂದ ಪ್ಯುಹಾಯಾರ್ವಿಯ ಪೂರ್ವ ದಂಡೆ ಹಿಡಿದು ದಕ್ಷಿಣಕ್ಕೆ ಸುಮಾರು ಎರಡು ಕಿಲೋಮೀಟರ್ ಹೋದರೆ ಹಳೆಯ ಜಹಗೀರಿನ ಬಂಗಲೆ, ಅದರ ಸುತ್ತ ಮರಗಳ ತೋಟ, ಗುಲಾಬಿ ತೋಟ. ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ದಂಡೆಯ ಹುಲ್ಲಿನ ಮೇಲೆ ಹೆಬ್ಬಾತುಗಳು ಮೇಯುತ್ತವೆ, ದಾರಿಯ ಮೇಲೂ ಅವುಗಳ ಕುರುಹು ಧಾರಾಳ. ಮರಿಗಳಿದ್ದಾಗ ತಾಯಿ ಬಾತು ಕತ್ತು ಚಾಚಿ ಬುಸುಗುಟ್ಟುತ್ತದೆ, ನಡೆದು ಸುತ್ತಿಹೋಗಿ.

ಐದನೆಯದು ನ್ಯಾಸಿಯಾರ್ವಿಯ ಪೂರ್ವ ದಂಡೆ. ತಂಪೆಲ್ಲದಿಂದ ಲಪಿನ್ನಿಯೆಮಿಯ ಹಳೆಯ ಹತ್ತಿಗಿರಣಿ ದಾಟಿ ರೌಹನಿಯೆಮಿಗೆ ಹೋದರೆ ಮೂರು ಕಿಲೋಮೀಟರಿನಷ್ಟು. ಅಲ್ಲಿಂದ ಒಳಗೆ ಕೌಪ್ಪಿ ಕಾಡು. ಪೇಟೆಯಿಂದ ಟ್ರಾಮ್ ಹಿಡಿದು ಕೌಪಿನ್ ಕಂಪುಸ್‌ನಲ್ಲಿ ಇಳಿದು ನೇರ ಕಾಡಿಗೂ ಹೋಗಬಹುದು. ಇಲ್ಲಿ ‘ಪುರುರತ’ ಎಂಬ ಓಟದ ದಾರಿಗಳಿವೆ. ಹಿಂದೆ ಮರದ ಹೊಟ್ಟು ಹಾಸುತ್ತಿದ್ದರಿಂದ ಬಂದ ಹೆಸರು. ಈಗ ಅನೇಕ ಕಡೆ ಸಣ್ಣ ಗರಸು ಹಾಸಿದೆ. ಡಾಂಬರಿಗಿಂತ ಮೆತ್ತಗೆ, ಮಂಡಿಗೆ ಹಿತ. ಕತ್ತಲಾದಾಗ ದೀಪವಿರುವ ಸುತ್ತುಗಳೂ ಇವೆ.

ಕೌಪ್ಪಿಯಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಚಳಿಗಾಲದ್ದು. ಬೇಸಿಗೆಯಲ್ಲಿ ಓಡಿದ ಅದೇ ದಾರಿ ಹಿಮ ಬಿದ್ದ ಮೇಲೆ ‘ಲತು’, ಅಂದರೆ ಸ್ಕೀ ದಾರಿಯಾಗುತ್ತದೆ. ಯಂತ್ರದಿಂದ ಎಳೆದ ಎರಡು ಗೀರು ಕಂಡರೆ ಅದರ ಮೇಲೆ ಕಾಲಿಡಬಾರದು. ಶೂ ಊರಿದ ಗುಳಿ ರಾತ್ರಿ ಗಟ್ಟಿಯಾಗಿ, ಮರುದಿನ ಇಳಿಜಾರಿನಲ್ಲಿ ಬರುವ ಸ್ಕೀಯವರನ್ನು ಕೆಡವುತ್ತದೆ. ಸಾಮಾನ್ಯವಾಗಿ ಅಪರಿಚಿತರ ಜೊತೆ ಮಾತೇ ಆಡದ ಫಿನ್ನರು ಬಾಯಿ ಬಿಟ್ಟು ಗದರುವ ಅಪರೂಪದ ಸಂದರ್ಭ ಇದು. ನಡೆಯುವವರಿಗೆ ಬೇರೆ ಗುರುತಿನ ದಾರಿಗಳಿರುತ್ತವೆ, ಫಲಕ ನೋಡಿ ಹೋಗಿ.

ಚಳಿಗಾಲದ ಓಟ

ಡಿಸೆಂಬರ್ ಕೊನೆಗೆ ಇಲ್ಲಿ ಹಗಲು ಸುಮಾರು ಐದೂವರೆ ತಾಸು. ಜೂನ್ ಕೊನೆಗೆ ಹತ್ತೊಂಬತ್ತು ತಾಸಿಗೂ ಹೆಚ್ಚು. ಜನವರಿಯ ಸರಾಸರಿ ಉಷ್ಣತೆ ಮೈನಸ್ 6 ಡಿಗ್ರಿಯ ಆಸುಪಾಸು, ನಡುನಡುವೆ ಮೈನಸ್ 20 ಮುಟ್ಟುವ ದಿನಗಳೂ ಬರುತ್ತವೆ. ಆದರೂ ಚಳಿಯೇ ಓಟದ ಶತ್ರು ಎಂದುಕೊಂಡರೆ ತಪ್ಪು. ಮೈನಸ್ 5ರಿಂದ 10ರವರೆಗೆ ಹಿಮ ಒಣಗಿ ಬಿಗಿಯಾಗಿರುತ್ತದೆ, ಕಾಲಡಿ ಕರಕರ ಎನ್ನುತ್ತದೆ, ಹಿಡಿತ ಚೆನ್ನ. ಕೆಟ್ಟದ್ದು ಸೊನ್ನೆಯ ಆಚೀಚೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ದಿನಗಳಲ್ಲಿ ಮಂಜುಗಡ್ಡೆಯ ಮೇಲೆ ನೀರಿನ ಪದರ ನಿಲ್ಲುತ್ತದೆ. ಅದರ ಮೇಲೆ ಯಾವ ರಬ್ಬರಿನ ಅಟ್ಟೆಯೂ ನಿಲ್ಲುವುದಿಲ್ಲ. ಅದಕ್ಕಿಂತ ಮೋಸದ್ದು ಗಡ್ಡೆಯ ಮೇಲೆ ತೆಳುವಾಗಿ ಬಿದ್ದ ಹೊಸ ಹಿಮ. ಅಡಿಯಲ್ಲಿ ಏನಿದೆ ಎಂದು ಕಾಣಿಸುವುದೇ ಇಲ್ಲ.

ಉಪಾಯ ಮುಳ್ಳಿನ ಶೂ, ಇಲ್ಲಿನವರ ಮಾತಲ್ಲಿ ‘ನಸ್ತಲೆಂಕ್ಕರಿತ್’. ಅಟ್ಟೆಗೆ ಲೋಹದ ಸಣ್ಣ ಮೊಳೆಗಳನ್ನು ಕೂರಿಸಿರುತ್ತಾರೆ. ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳಿಗೆ ಬಿಗಿಯಾದರೆ ರಕ್ತ ಹರಿಯದೆ ಕಾಲು ಮೊದಲು ಮರಗಟ್ಟುತ್ತದೆ. ಇದಕ್ಕೂ ಒಂದು ಮಿತಿ ಇದೆ. ಬರಿ ಕಲ್ಲು, ಹೆಂಚು, ಲೋಹದ ಜಾಲರಿಗಳ ಮೇಲೆ ಮುಳ್ಳೇ ಜಾರುತ್ತದೆ, ಒಣ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಅಂಗಡಿಯ ನೆಲದ ಮೇಲಂತೂ ಹಾಕಿಕೊಂಡು ಹೋಗಬೇಡಿ. ಇರುವ ಶೂಗೇ ಎಳೆದು ಹಾಕುವ ರಬ್ಬರ್ ಪಟ್ಟಿಯ ಮುಳ್ಳುಗಳು ನಡೆಯಲು ಸಾಕು, ಓಡುವಾಗ ಪಕ್ಕಕ್ಕೆ ಸರಿಯುತ್ತವೆ.

ಬಟ್ಟೆಗೆ ಒಂದು ಲೆಕ್ಕ: ಹೊರಗೆ ಇರುವುದಕ್ಕಿಂತ 10 ಡಿಗ್ರಿ ಹೆಚ್ಚು ಬೆಚ್ಚಗಿದೆ ಎಂದುಕೊಂಡು ತೊಡಿ. ಮೊದಲ ಐದು ನಿಮಿಷ ಸ್ವಲ್ಪ ಚಳಿ ಅನಿಸಿದರೆ ಸರಿಯಾಗಿದೆ. ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡನೆಯ ಕಿಲೋಮೀಟರಿಗೆ ಬೆವರಿ ಒದ್ದೆಯಾಗಿ, ನಿಂತಕೂಡಲೇ ನಡುಗುತ್ತೀರಿ. ಸೊನ್ನೆಯಿಂದ ಮೈನಸ್ 5ರವರೆಗೆ ಮೇಲೆ ಎರಡು ಪದರ, ಕಾಲಿಗೆ ಬಿಗಿಯಾದ ಓಟದ ಪ್ಯಾಂಟು, ತೆಳು ಕೈಗವಸು, ಕಿವಿಪಟ್ಟಿ. ಮೈನಸ್ 5ರಿಂದ 15ಕ್ಕೆ ಒಳಗೆ ತೆಳು ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್, ಬೆರಳು ಒಟ್ಟಿಗಿರುವ ಕೈಗವಸು, ಬಾಯಿಗೆ ಎಳೆದುಕೊಳ್ಳಬಹುದಾದ ಕುತ್ತಿಗೆ ಪಟ್ಟಿ. ಅದಕ್ಕೂ ಕೆಳಗಿಳಿದರೆ ಅರ್ಧ ತಾಸಿನ ನಿಧಾನದ ಓಟ ಸಾಕು. ಆಸ್ತಮಾ ಇರುವವರು ಅಂಥ ದಿನ ಒಳಗೇ ವ್ಯಾಯಾಮ ಮಾಡಲಿ. ಹತ್ತಿಯ ಬನಿಯನ್ ಯಾವ ಲೆಕ್ಕಕ್ಕೂ ಬೇಡ, ಬೆವರು ಕುಡಿದು ಒದ್ದೆ ಗೋಣಿಯಾಗುತ್ತದೆ.

ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿ. ಹೊರಜೇಬಿನಲ್ಲಿದ್ದರೆ ಚಳಿಗೆ ಬ್ಯಾಟರಿ ಅರ್ಧದಲ್ಲೇ ಸತ್ತುಹೋಗುತ್ತದೆ. ನೀರು ಒಯ್ಯುವುದಾದರೆ ಬಿಸಿನೀರು ತುಂಬಿ, ಬಾಟಲಿಯ ಮುಚ್ಚಳವೇ ಮೊದಲು ಹೆಪ್ಪುಗಟ್ಟುವುದು. ಕತ್ತಲಲ್ಲಿ ಬೆಳಕು ಹಿಮ್ಮಿಂಚಿಸುವ ‘ಹೆಯಸ್ತಿನ್’ ಇಲ್ಲದೆ ಹೊರಡಬೇಡಿ. ಕಾರಿನ ತಗ್ಗಿಸಿದ ದೀಪದಲ್ಲಿ ಕಪ್ಪು ಬಟ್ಟೆಯವರು ಕಾಣುವುದು ಸುಮಾರು 50 ಮೀಟರ್ ದೂರದಿಂದ, ಹೆಯಸ್ತಿನ್ ತೊಟ್ಟವರು ಸುಮಾರು 150 ಮೀಟರಿನಿಂದ. ದೀಪದ ಬೆಳಕು ನೆಲಮಟ್ಟದಲ್ಲಿ ಬೀಳುವುದರಿಂದ ಎದೆಯ ಮೇಲಲ್ಲ, ಮಂಡಿಯ ಎತ್ತರದಲ್ಲಿ ತೂಗಾಡುವಂತಿರಲಿ.

ಹೆಪ್ಪುಗಟ್ಟಿದ ಸರೋವರದ ಮೇಲೆ ಜನ ಓಡಾಡುವುದು ಕಾಣುತ್ತದೆ. ಗುರುತು ಮಾಡಿದ ದಾರಿ ಬಿಟ್ಟು ನೀವು ಇಳಿಯಬೇಡಿ. ಹೊಳೆ ಹೊರಡುವ, ಹೊಳೆ ಸೇರುವ ಕಡೆಗಳಲ್ಲಿ ಒಳಗಿನ ಸೆಳೆತ ಗಡ್ಡೆಯನ್ನು ತೆಳುವಾಗಿಯೇ ಉಳಿಸಿರುತ್ತದೆ. ಮೇಲಿಂದ ನೋಡಿದರೆ ಎಲ್ಲ ಒಂದೇ ಬಿಳಿ.

ವಸಂತ, ಬೇಸಿಗೆ, ಎಲೆ ಉದುರುವ ಕಾಲ

ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ಚಳಿಗಾಲವಿಡೀ ಚೆಲ್ಲಿದ ಗರಸು ರಸ್ತೆಯಲ್ಲಿ ಉಳಿಯುತ್ತದೆ. ಒಣ ತಿರುವುಗಳಲ್ಲಿ ಅದು ಕಾಲಡಿ ಉರುಳುತ್ತದೆ, ವಾಹನ ಹೋದರೆ ಧೂಳು ಮೂಗಿಗೆ. ಬೀದಿ ತೊಳೆಯುವವರೆಗೆ ಮಳೆಯ ಮರುದಿನ ಓಡುವುದು ಒಳ್ಳೆಯದು. ಮೇ ತಿಂಗಳಿಗೆ ಬರ್ಚ್ ಮರದ ಪರಾಗ ಶುರು. ಬೆಂಗಳೂರಿನಲ್ಲಿ ಒಮ್ಮೆಯೂ ಸೀನದವರು ಎರಡು ಮೂರು ವರ್ಷ ಇದ್ದ ಮೇಲೆ ಇಲ್ಲಿ ಸೀನುವುದುಂಟು.

ಹಿಮ ಕರಗಿದಾಗಿನಿಂದ ಎಲೆ ಉದುರುವ ಕಾಲದವರೆಗೂ ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಹುಳು ಇರುತ್ತದೆ. ಬಂದ ಮೇಲೆ ಮಂಡಿಯ ಹಿಂದೆ, ತೊಡೆಸಂದಿ, ಸೊಂಟಪಟ್ಟಿಯ ಕೆಳಗೆ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಎಣ್ಣೆ ಹಚ್ಚಬೇಡಿ. ಬಿಸಿಲು ಕಾಯಿಸುವ ಬಂಡೆಗಳ ಮೇಲೆ ‘ಕ್ಯೂ’ ಎಂಬ ಹಾವು ಮಲಗಿರಬಹುದು. ಈ ದೇಶದ ಒಂದೇ ವಿಷದ ಹಾವು ಅದು. ನೆಲ ಅದುರಿದರೆ ತಾನೇ ಸರಿಯುತ್ತದೆ.

ಓಡಿ ಬಂದು ಸರೋವರಕ್ಕೆ ಇಳಿಯುವ ಸುಖ ಬೇರೆಯೇ. ಆದರೆ ತಮ್ಮೆರ್‌ಕೊಸ್ಕಿಗೆ ಮಾತ್ರ ಬೇಡ, ಅಣೆಕಟ್ಟಿನ ಬಾಗಿಲು ತೆರೆದಂತೆಲ್ಲ ಸೆಳೆತ ಬದಲಾಗುತ್ತದೆ. ಬಿಸಿಲು ಹೆಚ್ಚಿದ ದಿನಗಳಲ್ಲಿ ನೀರಿನ ಮೇಲೆ ಹಸಿರು ಹಿಟ್ಟಿನಂಥದ್ದು ತೇಲಿದರೆ ನೀಲಿಹಸಿರು ಪಾಚಿ ಇರಬಹುದು. ಅದು ಚರ್ಮಕ್ಕೂ ಹೊಟ್ಟೆಗೂ ಕೆಟ್ಟದ್ದು, ನಾಯಿಗಂತೂ ಜೀವಕ್ಕೇ ಅಪಾಯ. ಕಡ್ಡಿ ಅದ್ದಿ ಎತ್ತಿ: ಎಳೆಎಳೆಯಾಗಿ ಕಡ್ಡಿಗೆ ಅಂಟಿಕೊಂಡರೆ ಅದು ಬೇರೆ ಪಾಚಿ, ಕಣಕಣವಾಗಿ ಚದುರಿದರೆ ಅನುಮಾನ. ಲೋಟದಲ್ಲಿ ಒಂದು ತಾಸು ಇಟ್ಟಾಗ ಹಸಿರು ಕಣಗಳು ಮೇಲೇರಿ ನಿಂತರೆ ನೀರಿಗೆ ಇಳಿಯಬೇಡಿ. ಜೂನ್ ಆರಂಭದಲ್ಲಿ ದಂಡೆಗೆ ಬರುವ ಹಳದಿ ಪುಡಿ ಮಾತ್ರ ಪೈನಿನ ಪರಾಗ, ಅದರಿಂದ ಭಯವಿಲ್ಲ.

ಅಕ್ಟೋಬರಿನಲ್ಲಿ ಒದ್ದೆ ಎಲೆಗಳು ಬಾಳೆಸಿಪ್ಪೆಯ ತಮ್ಮಂದಿರು. ಮೆಟ್ಟಿಲ ಮೇಲೆ ವಿಶೇಷ ಎಚ್ಚರ. ಆ ತಿಂಗಳೇ ವಲ್ಕೆಯಕೊಸ್ಕಿಯಿಂದ ತಂಪೆರೆಗೆ 33 ಕಿಲೋಮೀಟರಿನ ‘ಪಿರ್ಕನ್ ಹೊಲ್ಕ್ಯಾ’ ಓಟ ನಡೆಯುತ್ತದೆ. ವರ್ಷದ ಗುರಿ ಬೇಕೆನ್ನುವವರು ಅದನ್ನು ಇಟ್ಟುಕೊಳ್ಳಬಹುದು.

ದಾರಿಯ ರೀತಿನೀತಿ

ನೀಲಿ ದುಂಡು ಫಲಕದಲ್ಲಿ ಮನುಷ್ಯ ಮತ್ತು ಸೈಕಲ್ ನಡುವೆ ಲಂಬ ಗೆರೆಯಿದ್ದರೆ ದಾರಿ ಎರಡು ಭಾಗವಾಗಿದೆ. ಚಿತ್ರದಲ್ಲಿ ಮನುಷ್ಯ ಯಾವ ಕಡೆಗಿದ್ದಾನೋ ಅದೇ ನಿಮ್ಮ ಕಡೆ. ಗೆರೆಯಿಲ್ಲದಿದ್ದರೆ ಒಂದು ಅಂಚು ಹಿಡಿದು ನೇರ ಓಡಿ, ಹಿಂದೆ ನೋಡದೆ ಅಡ್ಡ ತಿರುಗಬೇಡಿ. ಗುಂಪಾಗಿ ಓಡುವಾಗ ಇಬ್ಬರಿಗಿಂತ ಹೆಚ್ಚು ಸಾಲಾಗಿ ಬೇಡ. ಎರಡೂ ಕಿವಿಗೆ ಹಾಡು ತುಂಬಿಕೊಂಡರೆ ಸೈಕಲ್ ಗಂಟೆ ಕೇಳಿಸದು. ಕಾಡಿನಲ್ಲಿ ಓಡಾಡಲು ಇಲ್ಲಿ ಯಾರ ಅನುಮತಿಯೂ ಬೇಡ, ಹಣ್ಣುಗಳನ್ನೂ ಕೀಳಬಹುದು. ಜನರ ಮನೆಯಂಗಳ, ಬೆಳೆದ ಹೊಲ ಮಾತ್ರ ಬಿಡಿ. ತುರ್ತಿಗೆ 112. ‘112 ಸುವೊಮಿ’ ಆ್ಯಪ್‌ನಿಂದ ಕರೆ ಮಾಡಿದರೆ ನೀವು ಇರುವ ಜಾಗ ತಾನಾಗಿ ಅವರಿಗೆ ತಲುಪುತ್ತದೆ. ಕಾಡಿನ ಕವಲಿನಲ್ಲಿ ಕಾಲು ಮುರಿದುಕೊಂಡು ಕೂತಾಗ ವಿಳಾಸ ಹೇಳುವುದು ಹೇಗೆ?

ಓಟದ ನಂತರ

ರೌಹನಿಯೆಮಿಯಲ್ಲಿ ಸರೋವರದ ದಂಡೆಗೇ ಸಾರ್ವಜನಿಕ ಸೌನಾ, ಅಂದರೆ ಬಿಸಿಹಬೆಯ ಸ್ನಾನದ ಮನೆ ಇದೆ. ಗಂಡಸರು ಹೆಂಗಸರು ಒಟ್ಟಿಗೆ, ಆದ್ದರಿಂದ ಈಜುಡುಗೆ ಬೇಕು. ಚಳಿಗಾಲದಲ್ಲಿ ಗಡ್ಡೆ ಕೊರೆದ ‘ಅವಂತೊ’ಗೂ ಇಳಿಯುತ್ತಾರೆ. ಪಿಸ್ಪಲದ ರಾಯಪೊರ್ತ್ತಿ ಸೌನಾ 1906ರದು, ದೇಶದಲ್ಲಿ ಇನ್ನೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಎಲ್ಲಕ್ಕಿಂತ ಹಳೆಯದು. ಮೂರನೆಯ ದಾರಿಯನ್ನು ಅಲ್ಲಿಗೇ ಮುಗಿಸುವಂತೆ ಜೋಡಿಸಿಕೊಳ್ಳಬಹುದು. ಓಡಿದ ಬಿಸಿಯಲ್ಲೇ ಒಳಗೆ ನುಗ್ಗಬೇಡಿ. ಕಾಲು ತಾಸು ನಡೆದು, ಎರಡು ಲೋಟ ನೀರು ಕುಡಿದು, ಎದೆಬಡಿತ ಇಳಿದ ಮೇಲೆ ಕೆಳಗಿನ ಮೆಟ್ಟಿಲಲ್ಲಿ ಕೂತು ಶುರುಮಾಡಿ. ಮೇಲಿನ ಮೆಟ್ಟಿಲಿನ ಬಿಸಿಗೆ ನೀರು ಕಡಿಮೆಯಾದ ಮೈ ತಲೆತಿರುಗಿ ಬೀಳುತ್ತದೆ. ನೀರಿಗೆ ಮುಳುಗುವುದಿದ್ದರೆ ಏಣಿ ಹಿಡಿದು ಇಳಿಯಿರಿ, ಧುಮುಕಬೇಡಿ. ತಣ್ಣೀರು ಸೋಕಿದೊಡನೆ ಉಸಿರು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ, ಆಗ ತಲೆ ನೀರೊಳಗಿದ್ದರೆ ಆಪತ್ತು.

ಹಸಿವಾದರೆ ಲೌಕೊಂತೋರಿಯಲ್ಲಿ ಊರಿನ ಖ್ಯಾತಿಯ ‘ಮುಸ್ತಮಕ್ಕರ’ ಸಿಗುತ್ತದೆ. ರೈ ಹಿಟ್ಟು ಮತ್ತು ಹಂದಿಯ ರಕ್ತದ ಕಪ್ಪು ಸಾಸೇಜು, ಕೆಂಪು ಲಿಂಗನ್‌ಬೆರಿ ಜಾಮಿನ ಜೊತೆ. ಬಣ್ಣ ನೋಡಿ ರಾಗಿಯದೇನೋ ಎಂದುಕೊಂಡು ತಟ್ಟೆಗೆ ಹಾಕಿಸಿಕೊಂಡ ಸಸ್ಯಾಹಾರಿಗಳಿದ್ದರೆ ಆಶ್ಚರ್ಯವಿಲ್ಲ, ಕೇಳಿ ಕೊಳ್ಳಿ. ಮನೆಗೆ ಬಂದ ಕೂಡಲೇ ಶೂವಿನ ಒಳಹಾಸು ತೆಗೆದು, ಒಳಗೆ ಹಳೆ ಪತ್ರಿಕೆ ತುರುಕಿ ಒಣಗಿಸಿ. ಬಿಸಿ ರೇಡಿಯೇಟರ್ ಮೇಲೆ ಮಾತ್ರ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಬಾಯ್ತೆರೆಯುತ್ತದೆ.